ಓದಲು ಬರುವ ಸ್ಪ್ಯಾನಿಷ್, ಆಡಲು ಬಾರದ ಸ್ಪ್ಯಾನಿಷ್: ಒಂದು ಆಪ್ತಸಲಹೆ ಪ್ರಕರಣ

ಶ್ರೀಮತಿ 'ಕ' ಅವರು ಧಾರವಾಡದ ಕಡೆಯವರು. ಪತಿಯ ಉದ್ಯೋಗದ ನಿಮಿತ್ತ ಸ್ಪೇನಿನ ವಲೆನ್ಸಿಯಾ ನಗರದಲ್ಲಿ ನೆಲೆಸಿದ್ದಾರೆ. ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಸ್ಪ್ಯಾನಿಷ್ ದಿನಪತ್ರಿಕೆಯನ್ನು ಅವರು ಸರಾಗವಾಗಿ ಓದುತ್ತಾರೆ, ಕ್ರಿಯಾಪದಗಳ ರೂಪಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಎದುರಿಗೆ ನಿಂತವರು ಒಂದು ಪ್ರಶ್ನೆ ಕೇಳಿದ ಕೂಡಲೇ ಬಾಯಿ ಕಟ್ಟಿಹೋಗುತ್ತದೆ. "ನನಗೆ ಈ ಭಾಷೆ ಹತ್ತೂದೇ ಇಲ್ಲ ಮೇಡಂ, ನಾನು ವಾಕ್ಯ ಹೊಂದಿಸೂದ್ರೊಳಗ ಅವರ ಮಾತು ಮುಂದ ಹೋಗಿಬಿಟ್ಟಿರ್ತದ" ಎಂದು ಮೊದಲ ಆನ್‌ಲೈನ್ ಭೇಟಿಯಲ್ಲೇ ಹೇಳಿದರು.

ಒಟ್ಟಾರೆ ದೂರನ್ನು ಬದಿಗಿಟ್ಟು, ಒಂದೇ ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವಂತೆ ಕೇಳಿದೆ. ಅವರು ಆರಿಸಿಕೊಂಡದ್ದು ನಗರದ ಮೆರ್ಕಾದೊ ಸೆಂತ್ರಾಲ್ ಎಂಬ ದೊಡ್ಡ ಮಾರುಕಟ್ಟೆಯ ತರಕಾರಿ ಅಂಗಡಿಯನ್ನು. ಅಲ್ಲಿ ಕಣ್ಣಿಗೆ ಕಾಣುವ ಸಾಲು ಇರುವುದಿಲ್ಲ, ಬಂದವರು "ಕಿಯೆನ್ ಎಸ್ ಎಲ್ ಉಲ್ತಿಮೊ?", ಅಂದರೆ ಕೊನೆಯವರು ಯಾರು, ಎಂದು ಗಟ್ಟಿಯಾಗಿ ಕೇಳಿ, ಉತ್ತರಿಸಿದವರ ನಂತರ ತಮ್ಮ ಸರದಿ ಎಂದು ತಿಳಿದುಕೊಳ್ಳುತ್ತಾರೆ. ಇವರು ಕೇಳದೆ ಬದಿಗೆ ನಿಂತರು, ನಂತರ ಬಂದವರೆಲ್ಲ ಕೊಂಡುಹೋದರು, ಕೊನೆಗೆ ಅಂಗಡಿಯವರೇ ಮಾತನಾಡಿಸಿದಾಗ ಪಕ್ಕದಲ್ಲಿದ್ದ ಪತಿ ಉತ್ತರ ಕೊಟ್ಟರು.

ಈ ಪುಟ್ಟ ಪ್ರಸಂಗದಲ್ಲೇ ತೊಂದರೆಯ ಎಳೆಗಳೆಲ್ಲ ಇದ್ದವು. ವಲೆನ್ಸಿಯಾ ಪ್ರಾಂತದಲ್ಲಿ ಸ್ಪ್ಯಾನಿಷ್ ಜೊತೆಗೆ ವಲೆನ್ಸಿಯನ್ ಕೂಡ ಅಧಿಕೃತ ಭಾಷೆ. ಅಂಗಡಿಯವರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ವಲೆನ್ಸಿಯನ್ ಅರ್ಥವಾಗದಿರುವುದನ್ನೂ ಇವರು ತಮ್ಮ ಸ್ಪ್ಯಾನಿಷ್‌ನ ಸೋಲೆಂದೇ ಲೆಕ್ಕ ಹಾಕಿದ್ದರು. ಒಂದು ವಾರ ಎರಡನ್ನೂ ಬೇರ್ಪಡಿಸಿ ಗುರುತು ಮಾಡಿಕೊಳ್ಳಲು ತಿಳಿಸಿದೆ. ಆ ಪಟ್ಟಿ ಕೈಗೆ ಬಂದ ಮೇಲೆ ಅವರ ಆತ್ಮನಿಂದೆಯ ದನಿ ಬಹುಮಟ್ಟಿಗೆ ತಗ್ಗಿತು.

ಇದಕ್ಕಿಂತ ಆಳವಾದದ್ದು ಮಾತಿನ ಸರದಿಯ ವಿಷಯ. ಹಿರಿಯರ ಮಾತು ಮುಗಿಯುವವರೆಗೆ ಕಾಯಬೇಕೆಂಬ ನಡವಳಿಕೆಯಲ್ಲಿ ಬೆಳೆದ ಇವರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಸೇರಿಸುವುದು ಆಸಕ್ತಿಯ ಲಕ್ಷಣವೆನಿಸಿಕೊಳ್ಳುವ ಸ್ಪೇನಿನ ಹರಟೆಯಲ್ಲಿ, ಎಂದೂ ಬಾರದ ಮೌನಕ್ಕಾಗಿ ಕಾಯುತ್ತಿದ್ದರು. ಇದು ವ್ಯಾಕರಣದ ಕೊರತೆಯಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ ಎಂದು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಾಲ್ಕು ಜನರೆದುರು ಮಾತನಾಡಲು ಅವರಿಗೆ ಅಳುಕಿಲ್ಲ. ಪರಭಾಷೆಯ ಕಲಿಕೆಗೇ ಅಂಟಿಕೊಂಡ ಆತಂಕವೊಂದು ಪ್ರತ್ಯೇಕವಾಗಿ ಇದೆಯೆಂದು ಭಾಷಾ ಕಲಿಕೆಯ ಸಂಶೋಧಕರಾದ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲೇ ವಾದಿಸಿ, ಅದನ್ನು ಅಳೆಯಲು 33 ಹೇಳಿಕೆಗಳ ಮಾಪಕವನ್ನು ರೂಪಿಸಿದ್ದರು. ಇವರದ್ದು ಅದೇ ಬಗೆಯದ್ದೆಂದು ನನ್ನ ಅಭಿಪ್ರಾಯ.

ಮೊದಲ ಸಲಹೆಯನ್ನು ದಂಪತಿಯಿಬ್ಬರಿಗೂ ಕೊಟ್ಟೆ: ಮಾರುಕಟ್ಟೆಗೆ ಪತ್ನಿಯೊಬ್ಬರೇ ಹೋಗಬೇಕು, ಸರದಿ ಕೇಳುವ ಆ ಒಂದು ವಾಕ್ಯವನ್ನು ಗಟ್ಟಿಯಾಗಿ ಆಡಬೇಕು, ಮೊದಮೊದಲು ಅಷ್ಟೇ ಸಾಕು. ಪತಿ ಪ್ರೀತಿಯಿಂದಲೇ ನೆರವಾಗುತ್ತಿದ್ದರು, ಆದರೆ ಆ ನೆರವು ಪತ್ನಿಯ ಅಭ್ಯಾಸವನ್ನೇ ಕಸಿದುಕೊಳ್ಳುತ್ತಿತ್ತು ಎಂಬುದನ್ನು ಅವರು ಬೇಸರವಿಲ್ಲದೆ ಒಪ್ಪಿಕೊಂಡರು. "ಪುಯೆಸ್", "ಆ ವೆರ್" ಮುಂತಾದ, ಯೋಚಿಸುತ್ತಲೇ ಸರದಿಯನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳುವ ಮಾತುಗಳನ್ನು ರೂಢಿಸಿಕೊಳ್ಳಲು ಹೇಳಿದೆ. ಸ್ಪ್ಯಾನಿಷರೇ ಅವನ್ನು ಧಾರಾಳವಾಗಿ ಬಳಸುವುದರಿಂದ ಸಂಕೋಚಕ್ಕೆ ಕಾರಣವಿಲ್ಲ.

ವಾಕ್ಯಗಳನ್ನು ಮನಸ್ಸಿನಲ್ಲಿ ಇಂಗ್ಲಿಷಿನಿಂದ ಕಟ್ಟುತ್ತಿದ್ದುದು ಅವರ ನಿಧಾನಕ್ಕೆ ಇನ್ನೊಂದು ಕಾರಣ. ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದದ ಕೊನೆಯೇ ಯಾರೆಂದು ತಿಳಿಸುವುದು, 'ನನಗೆ ಇಷ್ಟ' ಎಂಬ ಬಗೆಯ ವಾಕ್ಯರಚನೆ, ಹಲ್ಲಿಗೆ ನಾಲಿಗೆ ತಾಗಿಸಿ ಆಡುವ 'ತ', 'ದ', ಇವೆಲ್ಲವೂ ಕನ್ನಡದಲ್ಲಿರುವಂತೆ ಸ್ಪ್ಯಾನಿಷಿನಲ್ಲೂ ಇವೆ. ಕನ್ನಡದ ಕಡೆಯಿಂದ ಹೋದರೆ ದಾರಿ ಹತ್ತಿರವಾಗುತ್ತದೆ.

ನಿರರ್ಗಳತೆಗಾಗಿ, ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಬಳಿಕ ಮೂರು, ಕೊನೆಗೆ ಎರಡು ನಿಮಿಷಗಳಲ್ಲಿ ಬೇರೆಬೇರೆ ಕೇಳುಗರಿಗೆ ಹೇಳುವ ಅಭ್ಯಾಸವನ್ನು ಸೂಚಿಸಿದೆ. ಕೇಳುಗರನ್ನು ಹುಡುಕಲು 'ಇಂತೆರ್‌ಕಾಂಬಿಯೊ' ಎಂಬ ಭಾಷಾ ವಿನಿಮಯದ ಕೂಟಗಳಿವೆ. ಸರ್ಕಾರಿ ಭಾಷಾ ಶಾಲೆಗಳಾದ 'ಎಸ್ಕುಯೆಲಾ ಓಫಿಸಿಯಾಲ್ ದೆ ಇದಿಯೋಮಾಸ್‌'ನಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಮಧ್ಯದಲ್ಲಿ ತಿದ್ದದೆ ಕೊನೆಗೆ ಒಂದೇ ಬಗೆಯ ತಪ್ಪನ್ನು, ಉದಾಹರಣೆಗೆ ಎರಡು ಭೂತಕಾಲಗಳ ಗೊಂದಲವನ್ನು ಮಾತ್ರ, ತೋರಿಸುವಂತೆ ಜೊತೆಗಾರರನ್ನು ಕೇಳಿಕೊಳ್ಳಬೇಕೆಂದೂ ತಿಳಿಸಿದೆ.

ಈಗ ಮಾರುಕಟ್ಟೆಯ ವ್ಯವಹಾರ ಅವರದ್ದೇ. ಆದರೆ ಮುಖ ಕಾಣದ ದೂರವಾಣಿಯಲ್ಲಿ ಅಂಜಿಕೆ ಉಳಿದಿದೆ. ಆದ್ದರಿಂದ ಮುಂದಿನ ಭೇಟಿಯೊಳಗೆ, ಪೂರ್ಣ ವಾಕ್ಯಗಳನ್ನು ಬರೆದಿಟ್ಟುಕೊಳ್ಳದೆ ದಿನಾಂಕ, ಸಮಯ, ಕಾರಣ ಇಷ್ಟನ್ನೇ ಚೀಟಿಯಲ್ಲಿ ಗುರುತು ಹಾಕಿಕೊಂಡು, ಆರೋಗ್ಯ ಕೇಂದ್ರಕ್ಕೆ ತಾವೇ ಕರೆಮಾಡಿ ಸಮಯ ನಿಗದಿ ಮಾಡಿಕೊಳ್ಳುವುದೆಂದು ಒಪ್ಪಿಕೊಂಡಿದ್ದಾರೆ.