ಹದಿನೇಳೋ, ಅರವತ್ತಾರೋ?

ಮಂಗಳೂರಿನಿಂದ ಬೇಕಲ ಕೋಟೆಗೆ ಬರಬೇಕು, ಒಬ್ಬರು ರಾಷ್ಟ್ರೀಯ ಹೆದ್ದಾರಿ ಹದಿನೇಳರಲ್ಲಿ ಹೋಗಿ ಅಂದರು, ಮ್ಯಾಪು ಅರವತ್ತಾರು ತೋರಿಸುತ್ತದೆ, ಎರಡು ರಸ್ತೆ ಉಂಟಾ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ, ರಸ್ತೆ ಒಂದೇ. ಹಳಬರ ಬಾಯಲ್ಲಿ ಅದಿನ್ನೂ ಹದಿನೇಳು, ಅಷ್ಟೇ.

2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ಅದಕ್ಕೂ ಮೊದಲು 17 ಅಂದರೆ ಮುಂಬೈ ಹತ್ತಿರದ ಪನ್ವೇಲಿನಿಂದ ಹೊರಟು ಗೋವಾ, ಕಾರವಾರ, ಉಡುಪಿ, ಮಂಗಳೂರು, ನಮ್ಮ ಕಾಸರಗೋಡು ದಾಟಿ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಮುಗಿಯುವ ರಸ್ತೆ. ಅಲ್ಲಿಂದ ಕನ್ಯಾಕುಮಾರಿಗೆ ಹೋಗಲು ಸೇಲಂ ಕಡೆಯಿಂದ ಬರುವ 47 ಹಿಡಿಯಬೇಕಿತ್ತು. ಆ 47ರ ಬಾಲವನ್ನು ಕತ್ತರಿಸಿ ನಮ್ಮ 17ಕ್ಕೆ ಜೋಡಿಸಿ 66 ಅಂತ ಹೆಸರಿಟ್ಟರು. ಈಗ ಒಟ್ಟು ಸುಮಾರು 1,600 ಕಿಲೋಮೀಟರ್.

66 ಯಾಕೆ ಅಂದರೆ, ಅದಕ್ಕೂ ಒಂದು ಲೆಕ್ಕ ಉಂಟು. ಉತ್ತರ ದಕ್ಷಿಣ ಹೋಗುವ ಮುಖ್ಯ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಲ್ಲಿ ಚಿಕ್ಕ ನಂಬರ್, ಪಶ್ಚಿಮಕ್ಕೆ ಬಂದಂತೆ ದೊಡ್ಡದು. ನಮ್ಮಿಂದ ಆಚೆ ಸಮುದ್ರವೇ ಅಲ್ವಾ! 17 ಅನ್ನುವ ನಂಬರ್ ಈಗ ಬಂಗಾಳ, ಅಸ್ಸಾಂ ಕಡೆಯ ರಸ್ತೆಗೆ ಹೋಗಿದೆ.

ನಂಬರಿನ ಗೊಂದಲ ನಮಗೆ ದೊಡ್ಡದಲ್ಲ. 1956ರ ನವೆಂಬರ್ 1ಕ್ಕೆ ಇಡೀ ಕಾಸರಗೋಡು ತಾಲೂಕೇ ಕೇರಳಕ್ಕೆ ಸೇರಿತು, ನಂಬರ್ ಯಾವ ಲೆಕ್ಕ? ನಿಮಗೆ ಗೊಂದಲ ಆಗುವುದು ಊರಿನ ಹೆಸರಲ್ಲಿ. ಗಡಿಯ ತಲಪಾಡಿ ದಾಟಿದ ಮೇಲೆ ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಇಷ್ಟು ಊಹಿಸಬಹುದು. ಆದರೆ ನಾವು ಹೊಸದುರ್ಗ ಅಂದರೆ ಬಸ್ಸಿನ ಬೋರ್ಡಿನಲ್ಲಿ ಕಾಞಂಗಾಡ್ ಅಂತ ಇರುತ್ತದೆ. ತಾಲೂಕಿನ ಹೆಸರು ಮಾತ್ರ ಇವತ್ತಿಗೂ ಹೊಸದುರ್ಗವೇ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಬೇರೆ, ಮ್ಯಾಪಿನಲ್ಲಿ ಅದನ್ನು ಒತ್ತಿಬಿಟ್ಟೀರಿ!

ಈಗ ನಿಮ್ಮ ಬೇಕಲ. ಅಲ್ಲಿಗೆ ಹದಿನೇಳೂ ಬೇಡ, ಅರವತ್ತಾರೂ ಬೇಡ. ಕಾಸರಗೋಡು ಪೇಟೆಯವರೆಗೆ ಹೆದ್ದಾರಿಯಲ್ಲೇ ಬನ್ನಿ. ಅಲ್ಲಿಂದ ಅದು ಪೂರ್ವಕ್ಕೆ ತಿರುಗಿ ಚೆರ್ಕಳ, ಪೊಯಿನಾಚಿ ಸುತ್ತಿಕೊಂಡು ಹೋಗುತ್ತದೆ. ನೀವು ಅದನ್ನು ಬಿಟ್ಟು ಕಡಲ ಬದಿಯ ರಾಜ್ಯ ಹೆದ್ದಾರಿ ಹಿಡಿಯಿರಿ. ಚಂದ್ರಗಿರಿ ಹೊಳೆ ದಾಟಿದರೆ ಉದುಮ, ಆಮೇಲೆ ಕೋಟೆ. ದಾರಿ ತಪ್ಪಿದರೆ ನಂಬರ್ ಹೇಳಿ ಕೇಳಬೇಡಿ, ಚಂದ್ರಗಿರಿ ಸಂಕ (ಸೇತುವೆ) ಎಲ್ಲಿ ಅಂತ ಕೇಳಿ. ಎದುರಿಗಿದ್ದವರು ಮುಖ ನೋಡಿದರೆ ಸಂಕದ ಬದಲು ಮಲಯಾಳದಲ್ಲಿ ಪಾಲಂ ಅನ್ನಿ.