ಆರಂಭದ ಡೋಸೇ ಕೊನೆಯ ಡೋಸಲ್ಲ

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಎರಡು ವರ್ಷಗಳ ಹಿಂದೆ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದರು, ಎಕೋದಲ್ಲಿ ಇ.ಎಫ್. (ಪ್ರತಿ ಬಡಿತದಲ್ಲಿ ಹೃದಯ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಅಳತೆ) 30 ಇತ್ತು. ಅಂದಿನಿಂದ ಕಾರ್ವೆಡಿಲಾಲ್ 3.125 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ ಕೊಡುತ್ತಿದ್ದೇವೆ. ಹೊಸ ವೈದ್ಯರು ಡೋಸ್ ಹೆಚ್ಚಿಸಬೇಕೆನ್ನುತ್ತಾರೆ. ಬಿ.ಪಿ. 104/66 ಇದೆ, ತಲೆಸುತ್ತು ಇಲ್ಲ. ಆರಾಮವಾಗಿರುವವರಿಗೆ ಹೆಚ್ಚಿಸಿ ಅಪಾಯ ತಂದುಕೊಳ್ಳುವುದೇಕೆ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ನಿಮ್ಮ ಹೊಸ ವೈದ್ಯರು ಹೇಳಿದ್ದು ಸರಿ. 3.125 ಎಂಬುದು ದುರ್ಬಲ ಹೃದಯ ಈ ಔಷಧವನ್ನು ತಾಳುತ್ತದೆಯೇ ಎಂದು ನೋಡಲು ಕೊಡುವ ಮೊದಲ ಮೆಟ್ಟಿಲು. ತಾಳಿದರೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ದ್ವಿಗುಣಗೊಳಿಸುತ್ತ 25 ಮಿ.ಗ್ರಾಂ.ವರೆಗೆ, ಅಂದರೆ ಎಂಟು ಪಟ್ಟು, ಏರಿಸಬೇಕು. ಆರು ವಾರಗಳ ಈ ಕೆಲಸ ಎರಡು ವರ್ಷವಾದರೂ ಏಕೆ ಆಗಲಿಲ್ಲವೆಂಬುದು ನನಗೆ ಗೊತ್ತು. ಮಡಚಿ ಮಡಚಿ ಸವೆದ ಬಿಡುಗಡೆ ಚೀಟಿಯನ್ನು ರೋಗಿಗಳು ನನ್ನ ಮುಂದೆ ಬಿಡಿಸಿಡುತ್ತಾರೆ. ಅದರ ಹಿಂದೆ ಜೋಡಿಸಿದ ಏಳೆಂಟು ಚೀಟಿಗಳಲ್ಲಿ ಕೈಬರಹ ಬೇರೆ ಬೇರೆ, ಡೋಸ್ ಮಾತ್ರ ಅದೇ. ಹಿಂದಿನವರು ಬರೆದದ್ದನ್ನು ಮುಂದಿನವರು ನಕಲು ಮಾಡಿರುತ್ತಾರೆ. ಡೋಸ್ ಹೆಚ್ಚಿಸಿ ತಲೆಸುತ್ತು ಬಂದರೆ ದೂರು ವೈದ್ಯರ ಮೇಲೆ ಬರುತ್ತದೆ, ಹೆಚ್ಚಿಸದೆ ರೋಗಿ ಮತ್ತೆ ದಾಖಲಾದರೆ ಕಾಯಿಲೆಯ ಮೇಲೆ ಹೋಗುತ್ತದೆ. ಅಮೆರಿಕದ ಹೊರರೋಗಿಗಳ ಕುರಿತು 2018ರಲ್ಲಿ ಪ್ರಕಟವಾದ ಚಾಂಪ್-ಎಚ್‌ಎಫ್ ಅಧ್ಯಯನದಲ್ಲಿ, ಆಗಿನ ಮೂರು ಮುಖ್ಯ ಬಗೆಯ ಔಷಧಗಳನ್ನೂ ಪೂರ್ಣ ಡೋಸಿನಲ್ಲಿ ಪಡೆಯುತ್ತಿದ್ದವರು ಶೇ. 1ರಷ್ಟು ಮಾತ್ರ.

2021ರ ಯುರೋಪಿನ ಮತ್ತು 2022ರ ಅಮೆರಿಕದ ಮಾರ್ಗಸೂಚಿಗಳು ಇ.ಎಫ್. 40 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ನಾಲ್ಕು ಬಗೆಯ ಔಷಧ ಹೇಳುತ್ತವೆ: ಸಕುಬಿಟ್ರಿಲ್-ವಾಲ್ಸಾರ್ಟಾನ್ ಅಥವಾ ಅದೇ ಸ್ಥಾನದ ಇನ್ನೊಂದು ಮಾತ್ರೆ, ಬೀಟಾ ಬ್ಲಾಕರ್ (ಕಾರ್ವೆಡಿಲಾಲ್ ಈ ಬಗೆಯದೇ), ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಡಾಪಾಗ್ಲಿಫ್ಲೋಜಿನ್ ಬಗೆಯದು. ಉಳಿದ ಮೂರು ನಿಮ್ಮ ತಂದೆಯವರ ಚೀಟಿಯಲ್ಲಿವೆಯೇ ಎಂದು ಇಂದೇ ನೋಡಿ; ಇಲ್ಲದಿದ್ದರೆ ಕಾರಣ ಕೇಳಿ. ತುರ್ತು ಸ್ಥಿತಿಯಲ್ಲಿ ದಾಖಲಾದವರಿಗೆ ಬಿಡುಗಡೆಯಾದ ಎರಡೇ ವಾರದಲ್ಲಿ ಪೂರ್ಣ ಡೋಸ್ ತಲುಪಿಸಲು ಯತ್ನಿಸಿದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ (2022), 180 ದಿನಗಳೊಳಗೆ ತೀರಿಕೊಂಡವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ಶೇ. 15.2, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 23.3. ಆದರೆ ಅಲ್ಲಿ ಒಂದು, ಎರಡು, ಮೂರು ಮತ್ತು ಆರನೇ ವಾರಗಳಲ್ಲಿ ರೋಗಿಯನ್ನು ಕರೆಸಿ, ಪರೀಕ್ಷಿಸಿ, ರಕ್ತ ಪರೀಕ್ಷೆಯನ್ನೂ ಮಾಡಿದ್ದರು. ಆ ಭೇಟಿಗಳಿಲ್ಲದ ಅವಸರವನ್ನು ನಾನು ಒಪ್ಪುವುದಿಲ್ಲ.

104 ಎಂಬ ಅಂಕಿಗೆ ಹೆದರಬೇಡಿ. ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂಬುದು ಮುಖ್ಯ. ಹಾಗಾಗಿ ವಯಸ್ಸಾದವರಲ್ಲಿ ನಿಲ್ಲಿಸಿ ಬಿ.ಪಿ. ನೋಡದೆ ನಾನು ಡೋಸ್ ಹೆಚ್ಚಿಸುವುದಿಲ್ಲ. ತಲೆಸುತ್ತು ಇದ್ದರೂ ಮೊದಲು ಕಡಿತಗೊಳಿಸಬೇಕಾದದ್ದು ಹೃದಯ ವೈಫಲ್ಯಕ್ಕೆ ಲಾಭ ತರದ ಆಮ್ಲೋಡಿಪಿನ್‌ನಂಥ ಮಾತ್ರೆಗಳನ್ನು, ಬಾವು ಇಳಿದಿದ್ದರೆ ನೀರಿನ ಮಾತ್ರೆಯನ್ನು. ಕಾಲಿನ ಬಾವು ಅಥವಾ ಏದುಸಿರು ಹೆಚ್ಚುತ್ತಿದ್ದರೆ, ನಾಡಿ 50ಕ್ಕಿಂತ ಕೆಳಗಿದ್ದರೆ ಬೀಟಾ ಬ್ಲಾಕರ್ ಏರಿಸದೆ ಕಾಯುತ್ತೇನೆ. ನೀವಾಗಿಯೇ ಮನೆಯಲ್ಲಿ ಮಾತ್ರೆ ಹೆಚ್ಚಿಸಬೇಡಿ.

ಪ್ರಶ್ನೆ: ಇ.ಎಫ್. 35 ಎಂದರೆ ಹೃದಯದ ಶೇ. 65 ಭಾಗ ಹಾಳಾಗಿದೆಯೇ?

ಉತ್ತರ: ಇಲ್ಲ, ಆರೋಗ್ಯವಂತ ಹೃದಯವೂ ಪ್ರತಿ ಬಡಿತದಲ್ಲಿ ತನ್ನಲ್ಲಿರುವ ರಕ್ತದ ಶೇ. 55ರಿಂದ 70ರಷ್ಟನ್ನು ಮಾತ್ರ ಹೊರದೂಡುತ್ತದೆ.

ಪ್ರಶ್ನೆ: ಹೃದಯ ವೈಫಲ್ಯ ಇರುವವರು ಮಂಡಿನೋವಿಗೆ ಐಬುಪ್ರೊಫೆನ್ ತೆಗೆದುಕೊಳ್ಳಬಹುದೇ?

ಉತ್ತರ: ಬೇಡವೇ ಬೇಡ. ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು.

ಪ್ರಶ್ನೆ: ಪಂಪಿಂಗ್ ಹೆಚ್ಚಿಸುವ ಪುಡಿ ಕೊಡುವವರು ಉಳಿದ ಮಾತ್ರೆಗಳನ್ನು ಬಿಡಿ ಎನ್ನುತ್ತಾರೆ.

ಉತ್ತರ: ಹಾಗೆ ಮಾತ್ರೆ ಬಿಟ್ಟವರನ್ನು ಉಸಿರಿಗಾಗಿ ಒದ್ದಾಡುವ ಸ್ಥಿತಿಯಲ್ಲಿ ನಡುರಾತ್ರಿ ದಾಖಲಿಸಿಕೊಂಡಿದ್ದೇನೆ. ಅವರು ವಂಚಕರು, ಅವರ ಬಳಿ ಹೋಗಬೇಡಿ.

ಪ್ರಶ್ನೆ: ಇ.ಎಫ್. 30ರಿಂದ 52ಕ್ಕೆ ಏರಿದೆ. ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ?

ಉತ್ತರ: ನಿಲ್ಲಿಸಬಾರದು. ಹಿಗ್ಗಿದ ಹೃದಯ ಹೀಗೆಯೇ ಚೇತರಿಸಿಕೊಂಡಿದ್ದವರ ಮೇಲೆ ನಡೆದ ಟ್ರೆಡ್-ಎಚ್‌ಎಫ್ ಅಧ್ಯಯನದಲ್ಲಿ, ಹಂತ ಹಂತವಾಗಿ ಮಾತ್ರೆ ನಿಲ್ಲಿಸಿದ 25 ಜನರ ಪೈಕಿ 11 ಜನರಿಗೆ ಆರೇ ತಿಂಗಳಲ್ಲಿ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ.