ಓದುಗರ ಪ್ರಶ್ನೆ: ಚೀನೀ ದರ್ಬಾರು ಮತ್ತು ಫರಂಗಿಯರು

ಪ್ರಶ್ನೆ: ಬ್ರಿಟಿಷ್ ರಾಯಭಾರಿ ಮಕಾರ್ಟ್ನಿ ಅಡ್ಡಬೀಳಲು ಒಪ್ಪದ ಕಾರಣಕ್ಕೇ 1793ರಲ್ಲಿ ಚೀನಾ ವ್ಯಾಪಾರಕ್ಕೆ ಬಾಗಿಲು ತೆರೆಯಲಿಲ್ಲವೇ?

ಉತ್ತರ: ಕಥೆ ಚೆನ್ನಾಗಿದೆ, ಆದರೆ ಕಾರಣ ಅದಲ್ಲ. ಮೂರು ಸಲ ಮಂಡಿಯೂರಿ, ಪ್ರತಿ ಸಲವೂ ಮೂರು ಬಾರಿ ಹಣೆ ನೆಲಕ್ಕೆ ಮುಟ್ಟಿಸುವುದು ಅಲ್ಲಿನ ಕ್ರಮ. ಮಕಾರ್ಟ್ನಿ ತನ್ನ ದೊರೆಯೆದುರು ಮಾಡುವಂತೆ ಒಂದೇ ಮಂಡಿಯೂರಿದ. ಚಿಯೆನ್‌ಲಾಂಗ್ ಚಕ್ರವರ್ತಿ ಆಮೇಲೂ ಅವನಿಗೆ ಊಟ, ಉಡುಗೊರೆ ಎಲ್ಲ ಕೊಟ್ಟೇ ಕಳಿಸಿದ. ತೊಡಕಾದದ್ದು ಅವನ ಬೇಡಿಕೆಗಳ ಪಟ್ಟಿ: ಬೀಜಿಂಗ್‌ನಲ್ಲಿ ಕಾಯಂ ರಾಯಭಾರಿ, ನಿಂಗ್‌ಬೋ ಮತ್ತು ತಿಯಾಂಜಿನ್‌ನಲ್ಲಿ ವ್ಯಾಪಾರ, ಝೌಷಾನ್ ಬಳಿ ಒಂದು ದ್ವೀಪ. 1757ರಿಂದಲೇ ಪಶ್ಚಿಮದ ಹಡಗುಗಳಿಗೆ ಗ್ವಾಂಗ್‌ಝೌ ಒಂದೇ ಬಂದರು. ಆ ಕಟ್ಟಳೆ ಮೀರಿ 1759ರಲ್ಲಿ ಅರ್ಜಿ ಹಿಡಿದು ತಿಯಾಂಜಿನ್‌ಗೆ ಹೋದ ಜೇಮ್ಸ್ ಫ್ಲಿಂಟ್ ಮೂರು ವರ್ಷ ಮಕಾವ್‌ನಲ್ಲಿ ಸೆರೆಯಲ್ಲಿದ್ದ. ಮಕಾರ್ಟ್ನಿ ಒಂಬತ್ತು ಸಲ ಹಣೆ ಮುಟ್ಟಿಸಿದ್ದರೂ ದ್ವೀಪವಂತೂ ಸಿಗುತ್ತಿರಲಿಲ್ಲ.

ಪ್ರಶ್ನೆ: ಜೆಸ್ಯೂಟ್ ಪಾದ್ರಿಯೊಬ್ಬ ಕಂಬದ ನೆರಳು ಅಳೆದು ಚೀನಾದ ಖಗೋಳ ಇಲಾಖೆಯನ್ನು ಗೆದ್ದನಂತೆ. ನೆರಳು ಅಳೆಯುವುದರಲ್ಲಿ ಅಂಥ ವಿದ್ಯೆ ಏನಿದೆ?

ಉತ್ತರ: ಅಳೆಯುವುದಕ್ಕಿಂತ ಮುಂಚಿತವಾಗಿ ಹೇಳುವುದರಲ್ಲಿದೆ ವಿದ್ಯೆ. 1668ರ ಡಿಸೆಂಬರ್ ಕೊನೆಯಲ್ಲಿ, ಆಗಿನ್ನೂ 14 ವರ್ಷದ ಕಾಂಗ್‌ಶಿ ಚಕ್ರವರ್ತಿಯ ಅಪ್ಪಣೆಯಂತೆ ಈ ಪರೀಕ್ಷೆ ಬೀಜಿಂಗ್‌ನಲ್ಲಿ ನಡೆಯಿತು. ಒಂದು ಕಡೆ ಫ್ಲಾಂಡರ್ಸ್‌ನ ಫರ್ಡಿನಾಂಡ್ ವೆರ್ಬೀಸ್ಟ್, ಇನ್ನೊಂದು ಕಡೆ ಇಲಾಖೆಯ ಮುಖ್ಯಸ್ಥ ಯಾಂಗ್ ಗ್ವಾಂಗ್‌ಶಿಯೆನ್ ಮತ್ತು ಅವನ ಸಹಾಯಕ ವೂ ಮಿಂಗ್‌ಶ್ವೆನ್. ಶಂಕುವಿನ, ಅಂದರೆ ನೆರಳು ಅಳೆಯಲು ನೆಟ್ಟ ಕಂಬದ, ಎತ್ತರ ಗೊತ್ತು. ನೆತ್ತಿಯ ಹೊತ್ತಿಗೆ ಅದರ ನೆರಳು ಎಲ್ಲಿಗೆ ಮುಟ್ಟುತ್ತದೆಂದು ಮೊದಲೇ ಗುರುತು ಹಾಕಬೇಕು. ಮೂರು ದಿನವೂ ವೆರ್ಬೀಸ್ಟ್‌ನ ಲೆಕ್ಕ ಸರಿಹೋಯಿತು.

ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ನೆರಳು ಕಂಬದ ಎತ್ತರದ ಹತ್ತಿರ ಹತ್ತಿರ ಎರಡರಷ್ಟಿರುತ್ತದೆ. ಕಂಬ 8 ಅಡಿಯದೆಂದು ಇಟ್ಟುಕೊಳ್ಳಿ. ಅದು ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದರೆ ಅಳತೆ ಒಂದೂವರೆ ಇಂಚಿಗಿಂತ ಹೆಚ್ಚು ತಪ್ಪುತ್ತದೆ. ಕಂಬ ನೆಟ್ಟಗಿದ್ದು ನೆಲವೇ ಉತ್ತರಕ್ಕೆ ಒಂದು ಡಿಗ್ರಿ ಇಳಿಜಾರಾಗಿದ್ದರೆ ಆರು ಇಂಚಿಗೂ ಮೀರಿ ತಪ್ಪುತ್ತದೆ. ಹಳೆಯ ಚೀನೀ ಶಂಕುಗಳ ಅಳತೆಪಟ್ಟಿಯಲ್ಲಿ ನೀರಿನ ಕಾಲುವೆ ಕೊರೆದಿರುವುದು ಇದಕ್ಕೇ: ನೀರು ನಿಂತರೆ ಮಟ್ಟ ಸರಿ. ಇನ್ನು ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ದಟ್ಟ ನೆರಳು ಮುಗಿಯುವುದು ಬಿಂಬದ ಮೇಲಂಚಿನ ಕಿರಣಕ್ಕೆ, ಲೆಕ್ಕ ಹಾಕುವುದು ನಡುವಿಗೆ. ಈ ಎರಡರ ನಡುವೆ 8 ಅಡಿ ಕಂಬಕ್ಕೆ ಎರಡು ಇಂಚಿನಷ್ಟು ಅಂತರ ಬೀಳುತ್ತದೆ. ಗ್ವೋ ಶೌಜಿಂಗ್ 13ನೇ ಶತಮಾನದಲ್ಲೇ 40 ಚೀನೀ ಅಡಿಯ ಶಂಕು ಕಟ್ಟಿಸಿ, ಸೂಜಿರಂಧ್ರದ ಹಲಗೆಯಿಂದ ಬಿಂಬದ ನಡುವನ್ನು ಹಿಡಿಯುತ್ತಿದ್ದ. ಹಾಗಾಗಿ ‘ಪಶ್ಚಿಮದವರು ಬಂದು ಅಳೆಯಲು ಕಲಿಸಿದರು’ ಎನ್ನುವುದು ಹಸಿ ಸುಳ್ಳು. ಇಲಾಖೆ ತನ್ನ ಹಿರಿಯರ ವಿದ್ಯೆಯನ್ನೇ ಮರೆತಿತ್ತು, ಅಷ್ಟೆ.

ಅಸಲಿ ಜಗಳ ಇದ್ದದ್ದು 1669ರ ಪಂಚಾಂಗದಲ್ಲಿ. ವೂ ಅದರಲ್ಲಿ ಹನ್ನೆರಡನೇ ತಿಂಗಳಾದ ಮೇಲೆ ಒಂದು ಅಧಿಕಮಾಸ ಸೇರಿಸಿದ್ದ. ನಿಯಮ ನಮಗೆ ಹೊಸದಲ್ಲ: ಸೂರ್ಯನ ಸಂಕ್ರಮಣ ಬೀಳದ ಚಾಂದ್ರಮಾಸವೇ ಅಧಿಕ. ಆದರೆ ಸಂಕ್ರಮಣ ಗೊತ್ತುಮಾಡುವುದು ಹೇಗೆ? ಹಳೆಯ ಚೀನೀ ಪದ್ಧತಿ ವರ್ಷದ ದಿನಗಳನ್ನೇ ಸಮನಾಗಿ ಹಂಚುತ್ತಿತ್ತು, ಆಗ ಒಂದೊಂದು ಪಾಲಿಗೆ 30.44 ದಿನ. ಅದು 29.53 ದಿನದ ಚಾಂದ್ರಮಾಸಕ್ಕಿಂತ ಉದ್ದ, ಹಾಗಾಗಿ ಅಧಿಕಮಾಸ ಯಾವ ಋತುವಿನಲ್ಲಾದರೂ ಬರಬಹುದು. ಜೆಸ್ಯೂಟರು 1645ರಲ್ಲಿ ತಂದ ಪದ್ಧತಿ ಸೂರ್ಯ ನಿಜಕ್ಕೂ 30 ಡಿಗ್ರಿ ಸಾಗುವ ಅವಧಿಯನ್ನು ಲೆಕ್ಕಕ್ಕೆ ಹಿಡಿಯಿತು. ಜನವರಿಯ ಆಸುಪಾಸಿನಲ್ಲಿ ಸೂರ್ಯನ ನಡೆ ಚುರುಕು, ಆ ದೂರ ಸುಮಾರು 29.4 ದಿನದಲ್ಲೇ ಮುಗಿಯುತ್ತದೆ. ತಿಂಗಳೇ ಅದಕ್ಕಿಂತ ಉದ್ದವಾದ ಮೇಲೆ ಸಂಕ್ರಮಣ ತಪ್ಪುವುದೆಂತು? ನಡುಚಳಿಗಾಲದಲ್ಲಿ ಅಧಿಕಮಾಸ ಬರುವುದೇ ಅಪರೂಪ. ವೆರ್ಬೀಸ್ಟ್ ಬೆರಳಿಟ್ಟದ್ದು ಇಲ್ಲಿಗೇ. ಆಗಲೇ ಹೊರಬಿದ್ದಿದ್ದ ಪಂಚಾಂಗದಿಂದ ಆ ತಿಂಗಳನ್ನು ಕಿತ್ತು, ಮರುವರ್ಷದ ಎರಡನೇ ತಿಂಗಳಿಗೆ ಅಧಿಕವನ್ನು ಸರಿಸಬೇಕಾಯಿತು. ಪಂಚಾಂಗ ಹೊರಡುತ್ತಿದ್ದದ್ದು ಚಕ್ರವರ್ತಿಯ ಹೆಸರಿನಲ್ಲಿ, ಇಡೀ ಸಾಮ್ರಾಜ್ಯಕ್ಕೆ. ಮುಜುಗರ ಎಷ್ಟೆಂದು ಊಹಿಸಿಕೊಳ್ಳಿ.

ಇದರಲ್ಲಿ ರಾಜಕೀಯವೂ ಇತ್ತು. 1664ರಲ್ಲಿ ಯಾಂಗ್ ಕೊಟ್ಟ ದೂರಿನ ಮೇಲೆ ಇಲಾಖೆಯ ಹಿಂದಿನ ಮುಖ್ಯಸ್ಥ, ಜೆಸ್ಯೂಟ್ ಪಾದ್ರಿ ಆಡಂ ಶಾಲ್‌ಗೆ ಮರಣದಂಡನೆ ವಿಧಿಸಿದ್ದರು. ಅಷ್ಟರಲ್ಲಿ ಭೂಕಂಪವಾಗಿ, ಅದನ್ನು ಅಪಶಕುನವೆಂದು ಬಗೆದದ್ದರಿಂದ ಅವನು ಉಳಿದುಕೊಂಡ. ಇಲಾಖೆಯ ಐವರು ಚೀನೀ ಅಧಿಕಾರಿಗಳ ತಲೆ ಮಾತ್ರ ಉರುಳಿತು. ಆ ತೀರ್ಪು ಬಂದದ್ದು ರಾಜಪ್ರತಿನಿಧಿ ಓಬೋಯಿಯ ಕಾಲದಲ್ಲಿ; 1669ರಲ್ಲಿ ಕಾಂಗ್‌ಶಿ ಯಾಂಗ್‌ನನ್ನೂ ಕಿತ್ತುಹಾಕಿದ, ಓಬೋಯಿಯನ್ನೂ ಸೆರೆಗೆ ಹಾಕಿದ.

ಪ್ರಶ್ನೆ: ಸ್ಪೇನಿನ ಬೆಳ್ಳಿಯೆಲ್ಲ ಚೀನಾಕ್ಕೆ ಹರಿದದ್ದೇಕೆ?

ಉತ್ತರ: ಅಲ್ಲಿ ಬೆಳ್ಳಿಗೆ ಬೆಲೆ ಜಾಸ್ತಿ. 1600ರ ಸುಮಾರಿಗೆ ಸ್ಪೇನಿನಲ್ಲಿ ಒಂದು ತೂಕ ಚಿನ್ನಕ್ಕೆ 12 ತೂಕ ಬೆಳ್ಳಿ ಕೊಡಬೇಕಾದರೆ, ಚೀನಾದಲ್ಲಿ 6ರಿಂದ 8 ಸಾಕಿತ್ತು. ನೋಟಿನ ಮೇಲೆ ಜನರ ನಂಬಿಕೆ ಹೋಗಿತ್ತು. 1581ರಲ್ಲಿ ಮಂತ್ರಿ ಝಾಂಗ್ ಜೂಝೆಂಗ್ ಹಲವು ಕಂದಾಯಗಳನ್ನು ಒಟ್ಟುಗೂಡಿಸಿ ಬೆಳ್ಳಿಯಲ್ಲೇ ಕಟ್ಟುವ ಪದ್ಧತಿಯನ್ನು ದೇಶವಿಡೀ ಹರಡಿದ. 1571ರಲ್ಲಿ ಸ್ಪೇನಿನವರ ಕೈಸೇರಿದ್ದ ಮನಿಲಾಕ್ಕೆ ಮೆಕ್ಸಿಕೋದ ಅಕಾಪುಲ್ಕೋದಿಂದ ಬೆಳ್ಳಿ ಬರುತ್ತಿತ್ತು, ಮನಿಲಾದಿಂದ ಚೀನಾದ ರೇಷ್ಮೆ ಹೋಗುತ್ತಿತ್ತು.

ನಾಣ್ಯದ ಮೇಲಿನ ರಾಜನ ಮುದ್ರೆಗೆ ಚೀನಾದಲ್ಲಿ ಕಿಮ್ಮತ್ತಿರಲಿಲ್ಲ. ಎಲ್ಲವೂ ತೂಕದ ವ್ಯವಹಾರ, ಒಂದು ಟೇಲ್ ಎಂದರೆ ಸುಮಾರು 37 ಗ್ರಾಂ. ಸ್ಪೇನಿನ ಎಂಟು ರಿಯಾಲ್ ನಾಣ್ಯ ಸುಮಾರು 27 ಗ್ರಾಂ, ಅಂದರೆ 0.72 ಟೇಲ್. ಚಿಲ್ಲರೆ ಬೇಕಾದರೆ ನಾಣ್ಯವನ್ನೇ ಕತ್ತರಿಸುತ್ತಿದ್ದರು. ಪರೀಕ್ಷಿಸಿದ ವರ್ತಕ ತನ್ನ ಗುರುತನ್ನು ಅದರ ಮೇಲೆ ಒತ್ತುತ್ತಿದ್ದ. ಕೈಯಿಂದ ಕೈಗೆ ಹೋದಷ್ಟೂ ಒತ್ತು ಬಿದ್ದು ನಾಣ್ಯ ತಟ್ಟೆಯಂತೆ ತಗ್ಗಾಗುತ್ತಿತ್ತು.

ಪ್ರಶ್ನೆ: ಮಕಾವ್ ಅನ್ನು ಪೋರ್ಚುಗೀಸರು ಯುದ್ಧದಲ್ಲಿ ಗೆದ್ದರೇ?

ಉತ್ತರ: ಇಲ್ಲ. ಆಗ ಚೀನಾವನ್ನು ಆಳುತ್ತಿದ್ದ ಮಿಂಗ್ ವಂಶದ ನೌಕಾಪಡೆ 1521 ಮತ್ತು 1522ರಲ್ಲಿ ಅವರನ್ನು ಹೊಡೆದೋಡಿಸಿತ್ತು. 1557ರ ಹೊತ್ತಿಗೆ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯಿಂದ ಅಲ್ಲಿ ನೆಲೆನಿಂತರು, ವರ್ಷಕ್ಕೆ 500 ಟೇಲ್ ನೆಲಬಾಡಿಗೆ ಕಟ್ಟಿದರು. ಊರಿಗೆ ದವಸ ಬರುತ್ತಿದ್ದದ್ದು ಭೂಸಂಧಿಯ ಅಡ್ಡಗೋಡೆಯ ಬಾಗಿಲಿನಿಂದ. ಅದನ್ನು ಮುಚ್ಚಿದರೆ ಸಾಕು, ಪೋರ್ಚುಗೀಸರು ಮಾತಿಗೆ ಬರುತ್ತಿದ್ದರು. ಬಾಡಿಗೆ ನಿಂತದ್ದು ಅಫೀಮು ಯುದ್ಧದಲ್ಲಿ ಚೀನಾ ಸೋತ ನಂತರ, 1849ರಲ್ಲಿ. ಆ ವರ್ಷವೇ ಗವರ್ನರ್ ಅಮರಾಲ್ ಚೀನೀ ಸುಂಕದ ಕಟ್ಟೆಯನ್ನೂ ಎತ್ತಿಸಿದ.